ಹೆತ್ತವರ ವರ್ಧಂತಿ: ಪರೋಕ್ಷವಿನಯದಿಂದ ಪ್ರತ್ಯಕ್ಷವಿನಯಕ್ಕೆ

ಶಾಲೆಯ ಈ ವಾರ್ಷಿಕ ಸ್ಮರಣ ಸಂಚಿಕೆಗೆ ಭಾಷಾವಿಷಯಕವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಅಪ್ಪಣೆ ಮಾಡಿದ್ದರು. ಭಾಷೆಯಿಂದಲೇ ಆರಂಭಿಸುತ್ತೇನೆ. ಆದರೆ ಅದು ನನ್ನನ್ನು ನಮ್ಮ ಮನೆಯ ಪಡಸಾಲೆಗೆ ಕರೆದೊಯ್ದರೆ ವಾಚಕ ಮಹನೀಯರು ಮನ್ನಿಸಬೇಕು.

‘ಹುಟ್ಟುಹಬ್ಬ’ ಎಂಬುದು ಈಗ ಎಲ್ಲರ ಬಾಯಲ್ಲಿರುವ ಮಾತು. ಇದರ ಎರಡು ಪದಗಳೂ ಒಂದು ಕಾಲಕ್ಕೆ ಪಕಾರಾದಿಗಳೇ. ಹಳಗನ್ನಡದ ‘ಪುಟ್ಟು’ ಹೊಸಗನ್ನಡದಲ್ಲಿ ‘ಹುಟ್ಟು’ ಆಯಿತು. ಸಂಸ್ಕೃತದ ‘ಪರ್ವ’ವು ತದ್ಭವವಾಗಿ ‘ಪಬ್ಬ’ವಾಗಿ, ಮುಂದೆ ‘ಹಬ್ಬ’ವಾಯಿತು. ಪಾಲು ಹಾಲಾದಂತೆ, ಪೂವು ಹೂವಾದಂತೆ. ಪರ್ವವೆಂದರೆ ಮೂಲದಲ್ಲಿ ಗಿಣ್ಣು, ಸಂದು. ಅಫಜಲಪುರದ ಕಡೆ ಭೀಮಾತೀರದಲ್ಲಿ ಕಬ್ಬು ಬೆಳೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಬ್ಬಿನ ಬೆಳವಣಿಗೆ ಗಿಣ್ಣಿನಿಂದ ಗಿಣ್ಣಿಗೆ ಎಣಿಕೆಯಾಗುತ್ತದೆ. ಕಣ್ಣು ಇರುವುದೂ ಗಿಣ್ಣಿನಲ್ಲಿಯೇ, ನಾಟಿಗೆ ಬೇಕಾದದ್ದೂ ಅದೇ.

ನಮ್ಮ ಹಿರಿಯರು ಬಳಸುತ್ತಿದ್ದ ಶಬ್ದ ‘ವರ್ಧಂತಿ’. ಅರವತ್ತು ತುಂಬಿದರೆ ‘ಷಷ್ಟ್ಯಬ್ದಿ’. ಷಷ್ಟಿ ಮತ್ತು ಅಬ್ದ ಸೇರಿ ಯಣ್‌ಸಂಧಿಯಾದ ರೂಪವಿದು; ‘ಷಷ್ಟ್ಯಬ್ದಪೂರ್ತಿ’ ಎಂಬುದೇ ಶುದ್ಧವಾದರೂ ರೂಢಿಯ ಮುಂದೆ ಪಂಡಿತರ ಆಟ ನಡೆಯದು. ಇಲ್ಲಿನ ‘ಅಬ್ದ’ವನ್ನು ಒಮ್ಮೆ ಒಡೆದು ನೋಡಬೇಕು. ಅಪ್ ಎಂದರೆ ನೀರು, ದ ಎಂದರೆ ಕೊಡುವಂಥದು. ಅಬ್ದವೆಂದರೆ ಮೋಡವೂ ಹೌದು, ವರುಷವೂ ಹೌದು. ‘ವರ್ಷ’ ಶಬ್ದಕ್ಕೂ ಮಳೆಯೆಂಬ ಅರ್ಥವೇ ಮುಂದಿನದು. ಅಂದರೆ ಈ ನಾಡಿನಲ್ಲಿ ಮನುಷ್ಯನ ಆಯುಸ್ಸನ್ನು ಅಳೆದದ್ದು ಅವನು ಕಂಡ ಮಳೆಗಳಿಂದ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಮುದುಕರನ್ನು ನಿಮ್ಮ ವಯಸ್ಸೆಷ್ಟೆಂದು ಕೇಳಿದರೆ ಅವರು ಇಸವಿಯನ್ನು ಹೇಳದೆ ಮಳೆಯನ್ನೋ ಬರವನ್ನೋ ಹೇಳುತ್ತಾರೆ. ಅದು ಅಜ್ಞಾನವೆಂದು ನಾನು ಬಹುಕಾಲ ತಿಳಿದಿದ್ದೆ.

ಇನ್ನೊಂದು ಸಂಗತಿ. ನಮ್ಮ ಶಿಲಾಶಾಸನಗಳನ್ನು ಓದಿದವರಿಗೆ ಗೊತ್ತು: ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಅಷ್ಟು ಮುತುವರ್ಜಿಯಿಂದ ಕೆತ್ತಿಸಿದ ನಮ್ಮ ಪೂರ್ವಿಕರು ದಾನ ಕೊಟ್ಟ ದಿನವನ್ನು ಬರೆಸಿದರು, ವೀರನು ಮಡಿದ ದಿನವನ್ನು ಬರೆಸಿದರು, ಹುಟ್ಟಿದ ದಿನವನ್ನು ಬರೆಸಿದ್ದು ಬಲು ಅಪರೂಪ. ಏಕಾಂತದ ರಾಮಯ್ಯನು ನಮ್ಮ ಆಳಂದೆಯವನೆಂದು ಅಬ್ಬಲೂರಿನ ಶಾಸನ ಹೇಳುತ್ತದೆ. ಅವನ ಪವಾಡವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಅವನು ಹುಟ್ಟಿದ ತಿಥಿಯಾವುದೆಂದು ಕೇಳಬೇಕೆಂದು ಯಾರಿಗೂ ತೋರಲಿಲ್ಲ. ಮಹಾತ್ಮರ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಯೂ ತೀರ ಹಳೆಯದೇನಲ್ಲ. ಬಸವ ಜಯಂತಿಯನ್ನು ಹರ್ಡೇಕರ ಮಂಜಪ್ಪನವರು ದಾವಣಗೆರೆಯಲ್ಲಿ ಆರಂಭಿಸಿದ್ದು 1913ರಲ್ಲಿ.

ಶ್ರವಣಬೆಳಗೊಳದ ಜೈನ ಶಾಸನಗಳಲ್ಲಿ ‘ಪರೋಕ್ಷವಿನಯ’ವೆಂಬ ಒಂದು ಸೊಗಸಾದ ಪಾರಿಭಾಷಿಕ ಶಬ್ದ ಬರುತ್ತದೆ. ಅಗಲಿದ ಗುರುವಿಗಾಗಿ, ತಾಯಿಗಾಗಿ, ಬಂಧುವಿಗಾಗಿ ಉಳಿದವರು ಮಾಡಿಸುವ ನಿಸಿದಿಯೇ ಮೊದಲಾದ ಸತ್ಕಾರ್ಯಕ್ಕೆ ಆ ಹೆಸರು. ಕಣ್ಣಿಗೆ ಕಾಣದವರಿಗೆ ತೋರುವ ವಿನಯವದು. ನಮ್ಮ ಮಠದ ಶಾಲೆಗಳ ಗೋಡೆಗಳ ಮೇಲಿರುವ ಕಲ್ಲುಹಾಸುಗಳನ್ನು ಓದುತ್ತ ಹೋದರೆ ಬಹುಮಟ್ಟಿಗೆ ‘ಸ್ಮರಣಾರ್ಥ’ ಎಂಬ ಶಬ್ದವೇ ಎದುರಾಗುತ್ತದೆ. ತಂದೆಯ ಸ್ಮರಣಾರ್ಥ ಕೋಣೆ, ತಾಯಿಯ ಸ್ಮರಣಾರ್ಥ ದತ್ತಿನಿಧಿ. ದಾನಿಗಳ ಔದಾರ್ಯ ಸ್ತುತ್ಯವೇ. ಅದರಿಂದ ಸಾವಿರಾರು ಬಡಮಕ್ಕಳು ಉಂಡು ಓದಿದ್ದಾರೆ, ನಾನೂ ಅಂಥ ಪ್ರಸಾದನಿಲಯದ ಅನ್ನ ಉಂಡವನು. ಆದರೆ ಇದೆಲ್ಲವೂ ಪರೋಕ್ಷವಿನಯ. ಕಣ್ಣೆದುರು ಕುಳಿತಿರುವ ತಂದೆತಾಯಿಗಳಿಗೆ ಸಲ್ಲಬೇಕಾದ ವಿನಯಕ್ಕೆ ಶಾಸನಗಳಲ್ಲಿ ಹೆಸರು ಸಿಗಲಿಲ್ಲ. ಪ್ರತ್ಯಕ್ಷವಿನಯವೆಂದು ಕರೆಯೋಣ.

ಈಗ ಪಡಸಾಲೆಯ ಮಾತು.

2017ರ ಜನವರಿ 1ರಂದು ನಾವು ಮಕ್ಕಳೆಲ್ಲ ಸೇರಿ ನಮ್ಮ ತಂದೆಯವರಿಗೆ ಎಪ್ಪತ್ತೈದು ತುಂಬಿದ ಸಂಭ್ರಮವನ್ನು ಮಾಡಿದೆವು. ನಮ್ಮೂರು ಆಳಂದ ತಾಲೂಕಿನ ಒಂದು ಸಣ್ಣ ಹಳ್ಳಿ. ತಮ್ಮಂದಿರಿಬ್ಬರು ಪುಣೆಯಿಂದ ಬಂದರು. ಅಕ್ಕ ಜೇವರ್ಗಿ ತಾಲೂಕಿನ ತನ್ನ ಗಂಡನ ಮನೆಯಿಂದ ಹೋಳಿಗೆಯ ಹೂರಣವನ್ನು ಡಬ್ಬಿಯಲ್ಲಿ ತುಂಬಿಕೊಂಡು ಬಂದಳು. ಆಧಾರ್ ಚೀಟಿಯ ಮೇಲೆ ಜನವರಿ 1 ಎಂದಿತ್ತು. ಹೊಸವರುಷದ ರಜೆಯೂ ಕೂಡಿಬಂದಿತ್ತು. ಮೊಮ್ಮಕ್ಕಳು ಕಲಬುರಗಿಯಿಂದ ಕೇಕು ತರಿಸಿದ್ದರು. ಹೊಸ ಧೋತರ, ಶಲ್ಯ, ರುಮಾಲು, ಕೈಗಡಿಯಾರ, ಎಲ್ಲವೂ ಬಂದವು. ತೊಗರಿ ರಾಶಿಯ ಕಾಲ; ಅಪ್ಪ ಬೆಳಿಗ್ಗೆ ಕಣಕ್ಕೆ ಹೋಗಿ ಬಂದವರು ಮೈ ತೊಳೆದು, ಕೊಟ್ಟ ಧೋತರ ಉಟ್ಟು, ತೋರಿಸಿದ ಕುರ್ಚಿಯ ಮೇಲೆ ಕುಳಿತು, ಕೊಟ್ಟ ಚಾಕುವಿನಿಂದ ಕೇಕನ್ನು ಕೊಯ್ದರು. ಯಾರದೋ ಮದುವೆಗೆ ಬಂದ ಬೀಗರಂತೆ ಕುಳಿತಿದ್ದರು. ಸಂಕೋಚದ ಸ್ವಭಾವವೆಂದುಕೊಂಡೆವು.

ಮರುವರ್ಷ ಶ್ರಾವಣದಲ್ಲಿ ಅವರು ಲಿಂಗೈಕ್ಯರಾದರು. ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಆ ದಿನದ ಫೋಟೋ ನೋಡುತ್ತ ಅವ್ವ ಅಂದಳು: “ಅವತ್ತು ಅವರ ಹುಟ್ಟಿದ ದಿನ ಇರಲಿಲ್ಲ, ತಮ್ಮಾ. ಕಾರಹುಣ್ಣಿವಿ ದಿನ ಹುಟ್ಟಿದವರು ಅವರು. ನಾ ಹೇಳ್ತೀನಂದ್ರ, ಹುಡುಗ್ರು ಅಷ್ಟು ದೂರದಿಂದ ಬಂದಾರ, ಇವತ್ತಲ್ಲ ಅಂದ್ರ ಮನಸ್ಸಿಗಿ ಹಚ್ಚಿಕೊಳ್ತಾರ, ಸುಮ್ನಿರು ಅಂದ್ರು.”

ನಾನು ಶಬ್ದಗಳ ಹುಟ್ಟನ್ನು ಹುಡುಕುವುದರಲ್ಲಿ ಮೂವತ್ತು ವರ್ಷ ಕಳೆದವನು.

ತಂದೆಯವರ ಹಳೆಯ ಟ್ರಂಕಿನಲ್ಲಿ ಉರ್ದುವಿನಲ್ಲಿ ಬರೆದ ಒಂದು ಹರಕು ಚೀಟಿ ಇತ್ತು. ನಿಜಾಮನ ಆಳ್ವಿಕೆಯಲ್ಲಿ ಅವರು ಎರಡು ಮೂರು ವರ್ಷ ಉರ್ದು ಶಾಲೆಗೆ ಹೋಗಿದ್ದರು. ಶಾಲೆ ಬಿಟ್ಟಾಗ ಕೊಟ್ಟ ದಾಖಲೆಯದು. ಆಳಂದದಲ್ಲಿ ನಿವೃತ್ತ ಉರ್ದು ಶಿಕ್ಷಕರೊಬ್ಬರು ಅದನ್ನು ಕನ್ನಡಕದ ಹತ್ತಿರ ಹಿಡಿದು ಓದಿದರು: ಅಮರ್‌ದಾದ್, 1350 ಫಸಲಿ. ಹೈದರಾಬಾದ್ ಸಂಸ್ಥಾನದಲ್ಲಿ ಸರಕಾರಿ ಲೆಕ್ಕಪತ್ರಗಳು ಫಸಲಿ ವರ್ಷದಲ್ಲಿ ನಡೆಯುತ್ತಿದ್ದವು. ಅಕ್ಟೋಬರಿನಲ್ಲಿ ಆಜೂರ್ ಮಾಸದಿಂದ ವರ್ಷಾರಂಭ. ಮುಂದೆ ದೈ, ಬಹಮನ್ ಹೀಗೆ ಪಾರಸಿ ಹೆಸರಿನ ತಿಂಗಳುಗಳು. ಫಸಲಿ ಸಂಖ್ಯೆಗೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ ದೊರೆಯುತ್ತದೆ. 1350ಕ್ಕೆ 590 ಸೇರಿ 1940. ಒಂಬತ್ತನೆಯ ತಿಂಗಳಾದ ಅಮರ್‌ದಾದ್ ಬರುವುದು ಮರುವರ್ಷದ ಜೂನಿನಲ್ಲಿ. 1941ರ ಜೂನಿನ ಹುಣ್ಣಿಮೆಯೇ ಕಾರಹುಣ್ಣಿಮೆ. ನಮ್ಮಜ್ಜಿಯ ಬಾಯಿಮಾತೂ ನಿಜಾಮನ ಕಾಗದವೂ ಅಕ್ಷರಶಃ ಹೊಂದಿಕೊಂಡವು. ಪ್ರಭವಾದಿ ಗಣನೆಯಲ್ಲಿ ಅದು ವೃಷ ಸಂವತ್ಸರ. ವೃಷವೆಂದರೆ ಎತ್ತು. ಎತ್ತುಗಳಿಗೆ ಬಣ್ಣ ಬಳಿದು, ಜೂಲು ಹೊದಿಸಿ, ಕರಿ ಹರಿಯುವ ದಿನ ಒಕ್ಕಲಿಗನೊಬ್ಬ ಹುಟ್ಟಿದ್ದು ವೃಷ ಸಂವತ್ಸರದಲ್ಲಿ! ಇದನ್ನು ಅವರಿಗೆ ಹೇಳಿದ್ದರೆ ಎಷ್ಟು ನಗುತ್ತಿದ್ದರೋ.

ಅದೇ ವೃಷ ಸಂವತ್ಸರ ಅರವತ್ತು ವರ್ಷಕ್ಕೆ ತಿರುಗಿ ಬಂದದ್ದು 2001ರಲ್ಲಿ. ಆ ಕಾರಹುಣ್ಣಿಮೆಯ ದಿನ ನಾನು ಊರಿನಲ್ಲಿಯೇ ಇದ್ದೆ. ಎತ್ತಿನ ಕೋಡಿಗೆ ಬಣ್ಣ ಹಚ್ಚಿದ್ದೂ ನೆನಪಿದೆ. ತಂದೆಯವರ ಷಷ್ಟ್ಯಬ್ದಿ ನನ್ನ ಪಕ್ಕದಲ್ಲಿಯೇ ನಡೆದುಹೋಯಿತು.

ಅರವತ್ತರ ಈ ಚಕ್ರ ನಮ್ಮದೊಂದೇ ಸ್ವತ್ತಲ್ಲ. ಜಪಾನಿನಲ್ಲಿ ಅರವತ್ತು ತುಂಬಿದವರಿಗೆ ‘ಕನ್ರೆಕಿ’ಯೆಂದು ಕೆಂಪು ಅಂಗಿ ಟೊಪ್ಪಿಗೆ ತೊಡಿಸುತ್ತಾರೆ, ಚಕ್ರ ತಿರುಗಿ ಮೊದಲಿಗೆ ಬಂದುದರಿಂದ ಮತ್ತೆ ಶಿಶುವಾದರೆಂದು ಭಾವ. ಕೊರಿಯಾದಲ್ಲಿ ‘ಹ್ವಾಂಗಪ್’ ಎಂಬ ಹೆಸರಿನಲ್ಲಿ ಮಕ್ಕಳು ತಂದೆತಾಯಿಗಳಿಗೆ ಅಡ್ಡಬಿದ್ದು ಔತಣ ಮಾಡುತ್ತಾರೆ. ಜಪಾನು 1966ರಿಂದ ವೃದ್ಧರ ಗೌರವಕ್ಕಾಗಿಯೇ ಒಂದು ದಿನ ಸಾರ್ವಜನಿಕ ರಜೆ ಕೊಡುತ್ತಿದೆ. ನಮ್ಮಲ್ಲಿ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆಯ ಕಾಯದೆ ಬಂದಿದೆ. ಅನ್ನ ಹಾಕದ ಮಕ್ಕಳ ಮೇಲೆ ವೃದ್ಧರು ಉಪವಿಭಾಗಾಧಿಕಾರಿಗಳಲ್ಲಿ ದೂರು ಕೊಡಬಹುದು. ಕಾಯದೆ ಬೇಕಾಯಿತೆಂಬುದೇ ಒಂದು ವ್ಯಾಖ್ಯಾನ.

ಶಿಕ್ಷಕ ಬಂಧುಗಳಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಸುಳ್ಳು ಜನ್ಮದಿನಗಳನ್ನು ಸೃಷ್ಟಿಸಿದವರಲ್ಲಿ ನಾವೇ ಅಗ್ರಗಣ್ಯರು. ಜನನ ಮರಣ ನೋಂದಣಿ ಕಾಯದೆ ಬಂದದ್ದು 1969ರಲ್ಲಿ. ಹಳ್ಳಿಗಳಲ್ಲಿ ಅದು ಬೇರೂರಲು ಬಹುಕಾಲ ಹಿಡಿಯಿತು. ತಾಯಿ ಮಗುವನ್ನು ಶಾಲೆಗೆ ಕರೆತಂದು ‘ಸೀಗಿ ಹುಣ್ಣಿವಿ ಮುಂದ ಹುಟ್ಟ್ಯಾದ, ಗುರುಗಳೇ’ ಎನ್ನುವಳು. ನಾವು ಮಗುವನ್ನೊಮ್ಮೆ ನೋಡಿ ಜೂನ್ 1 ಎಂದು ಬರೆಯುವೆವು. ನಾನು ಪ್ರಾಥಮಿಕ ಶಾಲೆಯಲ್ಲಿದ್ದ ಕಾಲದಲ್ಲಿ ಹೀಗೆ ಎಷ್ಟು ಬರೆದೆನೋ ಲೆಕ್ಕವಿಲ್ಲ. ನನ್ನ ಹೆಸರಿನ ಮುಂದೆಯೂ ನನ್ನ ಗುರುಗಳು ಅದನ್ನೇ ಬರೆದರು. ಪ್ರತಿವರ್ಷ ಮೇ 31ರಂದು ರಾಜ್ಯದಲ್ಲಿ ಶಿಕ್ಷಕರು ಸಾಲುಸಾಲಾಗಿ ನಿವೃತ್ತರಾಗುವ ದೃಶ್ಯಕ್ಕೆ ಮೂಲ ಇದೇ. ತಾಯಿ ಹೇಳಿದ ಸೀಗಿ ಹುಣ್ಣಿಮೆ ನಿಜವಾದ ಮಾಹಿತಿ. ಅದನ್ನು ನಾವು ಅಳಿಸಿದೆವು. ಮುಂದೆ ವಯಸ್ಸು ಮಾತ್ರ ಗೊತ್ತಿದ್ದವರಿಗೆ ಆಧಾರ್ ಯಂತ್ರವು ಜನವರಿ 1ನ್ನು ದಯಪಾಲಿಸಿತು. ಜೂನ್ 1 ಬಿತ್ತನೆಯ ತಯಾರಿಯ ಕಾಲ, ಜನವರಿ 1 ತೊಗರಿ ರಾಶಿಯ ಕಾಲ. ಒಕ್ಕಲುತನದ ಮನೆಯಲ್ಲಿ ಹಿರಿಯರನ್ನು ಕೂರಿಸಿ ಆರತಿ ಮಾಡಲು ಇವೆರಡಕ್ಕಿಂತ ಅನಾನುಕೂಲವಾದ ದಿನಗಳನ್ನು ಹುಡುಕುವುದು ಕಷ್ಟ.

ತಂದೆಯವರ ಸಂಗತಿಯಾದ ಮೇಲೆ ಒಂದು ವರ್ಷ ನಾನು ಒಂಬತ್ತನೆಯ ತರಗತಿಯವರಿಗೆ ಪ್ರಬಂಧದ ಬದಲು ಒಂದು ಕೆಲಸ ಕೊಟ್ಟೆ: ಮನೆಯಲ್ಲಿ ಅತ್ಯಂತ ಹಿರಿಯರಾದವರನ್ನು, ಮುತ್ಯಾ ಆಗಲಿ ಆಯಿ ಆಗಲಿ, ಅವರು ಹುಟ್ಟಿದ್ದು ಯಾವಾಗ ಎಂದು ಕೇಳಿ, ಅವರು ಹೇಳಿದ ಮಾತನ್ನು ಹಾಗೆಯೇ ಬರೆದು ತರಬೇಕು. ಬಂದ ಉತ್ತರಗಳಲ್ಲಿ ಒಂದರಲ್ಲಿಯೂ ತಾರೀಖು ಇರಲಿಲ್ಲ, ಕಾಲವಿಲ್ಲದ ಉತ್ತರವೂ ಇರಲಿಲ್ಲ. ‘ರಜಾಕಾರರ ಗದ್ದಲದಾಗ’ ಎಂದರೆ 1947-48. ‘ಕರ್ನಾಟಕಕ್ಕ ಕೂಡಿದ ವರ್ಷ’ ಎಂದರೆ 1956. ಸ್ವಲ್ಪ ಚಿಕ್ಕವರದಾದರೆ ‘ದೊಡ್ಡ ಬರದಾಗ’, ಅದು 1972ರ ಸುಮಾರು. ಮನೆಯ ಸೊಸೆಯರೂ ಉತ್ಸಾಹದಿಂದ ಸೇರಿಕೊಂಡು, ಕಿಲ್ಲಾರಿ ಭೂಕಂಪದ ರಾತ್ರಿಗೆ ತಮ್ಮ ಚೊಚ್ಚಲು ಮಗು ಎಷ್ಟು ತಿಂಗಳದಿತ್ತೆಂದು ಹೇಳಿ ಬರೆಸಿದ್ದರು; ಅದು 1993ರ ಸೆಪ್ಟೆಂಬರ್ 30. ಭೀಮಾತೀರದ ಹುಡುಗನೊಬ್ಬ ತನ್ನ ಮುತ್ಯಾನ ಮಾತನ್ನು ಹೀಗೆ ಬರೆದಿದ್ದ: ಇದುವರೆಗೆ ನನಗ ಯಾರೂ ಇದು ಕೇಳಿರಲಿಲ್ಲ. ಆ ಹಾಳೆಗೆ ನಾನು ಅಂಕ ಹಾಕಲಿಲ್ಲ.

ಘಟನೆಯ ಜೊತೆಗೆ ಹಬ್ಬವನ್ನೂ ಬೆಳೆಯನ್ನೂ ಕೇಳಬೇಕು. ಎಳ್ಳ ಅಮಾವಾಸ್ಯೆಯ ಹಿಂದೋ ಮುಂದೋ, ಜೋಳ ಬಿತ್ತುವಾಗಲೋ ಸೀತನಿ ತಿನ್ನುವಾಗಲೋ, ಎಂದು ಕೇಳುತ್ತ ಹೋದರೆ ವರ್ಷ ಮಾಸಗಳೆರಡೂ ಕೈಗೆ ಸಿಗುತ್ತವೆ. ಆಮೇಲಿನದು ಹಳೆಯ ಪಂಚಾಂಗದ ಕೆಲಸ.

ಅವ್ವನನ್ನು ನಾನು ಕೇಳಿದ್ದು ಹೀಗೆಯೇ. ಆಕೆಯ ತವರು ಅಫಜಲಪುರ ತಾಲೂಕು. ರಜಾಕಾರರ ಹಾವಳಿಯಲ್ಲಿ ಆಕೆಯ ತಂದೆತಾಯಿಗಳು ಊರು ಬಿಟ್ಟು ಗಡಿಯಾಚೆ ಅಕ್ಕಲಕೋಟ ಸೀಮೆಯ ಒಂದು ಹಳ್ಳಿಗೆ ಹೋಗಿ ಮಠದ ಪಡಸಾಲೆಯಲ್ಲಿ ಆಶ್ರಯ ಪಡೆದರಂತೆ. 1948ರ ಸೆಪ್ಟೆಂಬರ್ 17ರಂದು ಸಂಸ್ಥಾನ ಶರಣಾಯಿತು. ತುಂಬು ಬಸುರಿಯನ್ನು ಬಂಡಿಯಲ್ಲಿ ಕರೆತರುವುದು ಬೇಡವೆಂದು ಅಲ್ಲಿಯೇ ಉಳಿದರು. ಒಂದು ತಿಂಗಳಿಗೆ, ಸೀಗಿ ಹುಣ್ಣಿಮೆಯ ದಿನ ಅವ್ವ ಹುಟ್ಟಿದಳು. ಅದು ಸರ್ವಧಾರಿ ಸಂವತ್ಸರ, 1948ರ ಅಕ್ಟೋಬರ್ 18. ಭೂತಾಯಿಗೆ ಸೀಮಂತ ಮಾಡುವ ಹಬ್ಬವೆಂದು ಒಕ್ಕಲಿಗರು ನಂಬುವ ದಿನ. ಇಷ್ಟು ಕಥೆಯನ್ನು ಆಕೆ ಐವತ್ತು ವರ್ಷ ದಾಟಿದ ಮಗನಿಗೆ ಮೊದಲ ಸಲ ಹೇಳಿದಳು. ಬಚ್ಚಿಟ್ಟಿದ್ದಳೆಂದಲ್ಲ.

ಎಪ್ಪತ್ತೈದು ತುಂಬಿದ ಸೀಗಿ ಹುಣ್ಣಿಮೆ ಬಂದದ್ದು 2023ರ ಅಕ್ಟೋಬರ್ 28, ಶನಿವಾರ. ಅಂದು ರಾತ್ರಿ ಚಂದ್ರಗ್ರಹಣವೂ ಇತ್ತು. ಗ್ರಹಣದ ದಿನ ಶುಭಕಾರ್ಯವೇ ಎಂದು ಒಬ್ಬಿಬ್ಬರು ರಾಗ ಎಳೆದರು. ಪಂಚಸೂತಕಗಳನ್ನೇ ಅಲ್ಲಗಳೆದ ಶರಣರ ಮಕ್ಕಳು ನಾವು. ಗ್ರಹಣವಾದರೋ ನಡುರಾತ್ರಿ ಒಂದು ಗಂಟೆಯ ಮೇಲೆ. ಪುಣೆಯ ತಮ್ಮಂದಿರು ಬಂದರು, ಅಕ್ಕ ಬಂದಳು, ಅವ್ವನ ತವರಿನಿಂದ ಸೋದರಮಾವ ಕೋಲೂರುತ್ತ ಬಂದರು. ಕೇಕು ಇರಲಿಲ್ಲ; ಮೊಮ್ಮಕ್ಕಳು ಕೇಳಿದ್ದರೆ ನಾನು ಬೇಡವೆನ್ನುತ್ತಿರಲಿಲ್ಲ.

ಉಡಿ ತುಂಬುವ ಹೊತ್ತು ಬಂತು. ಇಳಕಲ್ ಸೀರೆ, ಖಣ, ಕೊಬ್ಬರಿ, ಅಕ್ಕಿ ಎಲ್ಲ ತಟ್ಟೆಯಲ್ಲಿ ಸಿದ್ಧವಾಗಿದ್ದವು. ಮನೆಯ ಹಿರಿಯ ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಅವ್ವ ತಾನೇ ಮಣೆಯಿಂದ ಎದ್ದು ಗೋಡೆಗೆ ಸರಿದು, ‘ನನಗ ಬ್ಯಾಡವ್ವ, ಹುಡುಗೇರಿಗಿ ತುಂಬ್ರಿ’ ಅಂದಳು. ತಂದೆಯವರು ಹೋದಂದಿನಿಂದ ಆಕೆ ಮದುವೆ ಮುಂಜಿಗಳಲ್ಲಿ ಹೀಗೆಯೇ ಗೋಡೆಯ ಪಕ್ಕ ನಿಲ್ಲುತ್ತಿದ್ದಳೆಂಬುದು ನನಗೆ ಆ ಕ್ಷಣ ಹೊಳೆಯಿತು. ಐದು ವರ್ಷ ನೋಡಿಯೂ ನೋಡಿರಲಿಲ್ಲ. ನಾನು ಏನಾದರೂ ಹೇಳಬೇಕಿತ್ತು. ಶರಣಸತಿ ಲಿಂಗಪತಿ ಭಾವವನ್ನು ವರ್ಷವರ್ಷವೂ ತರಗತಿಯಲ್ಲಿ ವಿವರಿಸುವವನು, ಬಾಯಿ ಏಳಲಿಲ್ಲ. ಅಕ್ಕನ ಮೊಮ್ಮಗಳು, ಎಂಟನೆಯ ತರಗತಿಯ ಹುಡುಗಿ, ಕೇಳಿದಳು: “ಆಯಿ ಕೊಳ್ಳಾಗ ಲಿಂಗ ಅದ ಅಲ್ಲ? ಮತ್ಯಾಕ ಬ್ಯಾಡ?”

ಯಾರೂ ಉತ್ತರ ಕೊಡಲಿಲ್ಲ. ಅಕ್ಕ ತಟ್ಟೆ ಎತ್ತಿಕೊಂಡು ಹೋಗಿ ಅವ್ವನನ್ನು ತೋಳು ಹಿಡಿದು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದಳು. ಸೋದರಮಾವ ಕಣ್ಣೊರೆಸಿಕೊಂಡರು. ಅವ್ವನ ಕೈ ಮಾತ್ರ ಸೆರಗನ್ನು ಹಿಡಿದದ್ದು ಹಿಡಿದಂತೆಯೇ ನಡುಗುತ್ತಿತ್ತು.

ಕಾಣಿಕೆಗಳ ವಿಷಯ. ಶಾಲು, ಹಾರ, ಫಲಕಗಳ ಸಂಸ್ಕೃತಿಯ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಸಭೆಗಳಲ್ಲಿ ಸಂದ ಶಾಲುಗಳು ನನ್ನ ಕಪಾಟಿನಲ್ಲಿಯೂ ಇವೆ. ಒಂದರಲ್ಲಿಯೂ ಬೆಚ್ಚಗಿನ ಗುಣವಿಲ್ಲ. ವೃದ್ಧರಿಗೆ ಬೇಕಾದದ್ದನ್ನು ಅವರು ಕೇಳುವುದಿಲ್ಲ. ಕಣ್ಣಿನ ಪೊರೆ ತೆಗೆಸುವುದು, ಹಲ್ಲು ಕಟ್ಟಿಸುವುದು, ಬಚ್ಚಲಿನಲ್ಲಿ ಜಾರದಂತೆ ಒಂದು ಹಿಡಿಕೆ ಹಾಕಿಸುವುದು, ತಲೆಯ ಮೇಲಿನ ಸೊಸೈಟಿ ಸಾಲವನ್ನು ತೀರಿಸಿ ಚೀಟಿ ಕೈಗಿಡುವುದು, ಇವು ಕಾಣಿಕೆಗಳು. ಅಕ್ಕ ಒಂದು ಕೌದಿ ತಂದಿದ್ದಳು. ತಂದೆಯವರ ಹಳೆಯ ಧೋತರ, ಅವ್ವನ ಹರಿದ ಸೀರೆ, ನಾವು ಮಕ್ಕಳಾಗಿದ್ದಾಗಿನ ಅಂಗಿಯ ತುಂಡುಗಳನ್ನೆಲ್ಲ ಕೂಡಿಸಿ ಎರಡು ತಿಂಗಳು ಕೂತು ಹೊಲಿದದ್ದು. ಅವ್ವ ಒಂದೊಂದೇ ತುಂಡಿನ ಮೇಲೆ ಬೆರಳಿಟ್ಟು ಇದು ಯಾರದು, ಯಾವ ಹಬ್ಬದ್ದು ಎಂದು ಮಾವನಿಗೆ ಹೇಳುತ್ತ ಕುಳಿತಳು. ಊಟಕ್ಕೆ ತಡವಾಯಿತು.

ದಾನಿಗಳಲ್ಲಿ ಒಂದು ಬಿನ್ನಹ. ಪ್ರಸಾದನಿಲಯದ ಒಂದು ದಿನದ ದಾಸೋಹಕ್ಕೆ ದತ್ತಿಯಿಡುವವರು ತಂದೆತಾಯಿಗಳು ಇರುವಾಗಲೇ ಇಡಲಿ. ಆ ದಿನ ಅವರನ್ನು ಕರೆತಂದು ಮಕ್ಕಳ ಪಂಕ್ತಿಯಲ್ಲಿ ಕೂರಿಸಿ ಊಟ ಮಾಡಿಸಲಿ. ಕಲ್ಲಿನ ಮೇಲೆ ‘ಸ್ಮರಣಾರ್ಥ’ದ ಬದಲು ‘ವರ್ಧಂತಿಯ ನಿಮಿತ್ತ’ ಎಂದು ಕೆತ್ತಿಸಬಹುದು. ತಮ್ಮಂದಿರೂ ನಾನೂ ಕೂಡಿ ಸೀಗಿ ಹುಣ್ಣಿಮೆಗೆ ಹಾಗೆ ಮಾಡಿದ್ದೇವೆ.

ಎಂಬತ್ತು ದಾಟಿದವರಿಗೆ ಸಹಸ್ರಚಂದ್ರದರ್ಶನವೆಂಬ ಆಚರಣೆಯಿದೆಯಷ್ಟೆ. ಅದರ ಲೆಕ್ಕವನ್ನು ಅನೇಕರು ಎಂಬತ್ತೆಂದೇ ಸ್ಥೂಲವಾಗಿ ಹೇಳುತ್ತಾರೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ, ಸೂಕ್ಷ್ಮವಾಗಿ 29.53. ಸಾವಿರಕ್ಕೆ 29,530 ದಿನ. ಅಂದರೆ ಎಂಬತ್ತು ವರ್ಷ ಹತ್ತು ತಿಂಗಳು. ಹತ್ತೊಂಬತ್ತು ವರ್ಷಕ್ಕೆ ಏಳರಂತೆ ಬರುವ ಅಧಿಕಮಾಸಗಳನ್ನು ಸೇರಿಸಿ ಪಂಚಾಂಗದಿಂದ ಎಣಿಸಿದರೂ ಅಷ್ಟೇ ಬರುತ್ತದೆ. ಅಂದು ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಬೆಳದಿಂಗಳಿಗೆ ಕುಳಿತಾಗ ನಾನು ಎಂಟನೆಯ ತರಗತಿಯ ಆ ಹುಡುಗಿಯ ಕೈಯಲ್ಲಿ ಈ ಲೆಕ್ಕವನ್ನು ಮಾಡಿಸಿದೆ. ಹುಟ್ಟಿದ ದಿನದ ಹುಣ್ಣಿಮೆಯನ್ನು ಒಂದನೆಯದೆಂದು ಹಿಡಿದರೆ ಅವ್ವನಿಗೆ ಅದು 929ನೆಯ ಹುಣ್ಣಿಮೆ. ಉಳಿದದ್ದು ಎಪ್ಪತ್ತೊಂದು, 2029ರ ಜುಲೈಗೆ ಸಾವಿರ. ಅವ್ವ ಕೇಳಿಸಿಕೊಂಡು, ಅಷ್ಟೆಲ್ಲಾ ಎಣಿಸೋದು ನಿನ್ನ ಕೆಲಸ, ನಾಳಿಗಿ ನನ್ನ ಅಕ್ಕಲಕೋಟ ಕಡೀಗಿ ಕರಕೊಂಡು ಹೋಗ್ತೀಯೇನು ಹೇಳು, ಅಂದಳು. ಹುಟ್ಟಿದ ಆ ಪಡಸಾಲೆಯನ್ನು ಆಕೆ ಒಮ್ಮೆಯೂ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ಒಂದು ಗಾಡಿ ಮಾಡಿಕೊಂಡು ಹೋದೆವು. ಅಲ್ಲಿಯೂ ಮನೆಮಾತು ಕನ್ನಡವೇ. ದಾರಿ ಕೇಳಲು ಕಷ್ಟವಾಗಲಿಲ್ಲ. ಹಳೆಯ ಪಡಸಾಲೆಯನ್ನು ಕೆಡವಿ ಸಿಮೆಂಟಿನ ಕಟ್ಟಡ ಕಟ್ಟಿದ್ದರು. ಮೂಲೆಯಲ್ಲಿ ಹಳೆಯ ಕಟ್ಟಿಗೆಯ ಕಂಬವೊಂದನ್ನು ಒರಗಿಸಿ ಇಟ್ಟಿದ್ದರು. ಅವ್ವ ಅದರ ಬುಡದಲ್ಲಿ ಕುಳಿತು, ಬುತ್ತಿ ಬಿಚ್ಚಿ, ನಮಗೆಲ್ಲ ಒಂದೊಂದು ಹೋಳಿಗೆ ಕೊಟ್ಟಳು.